ಚೀಸ್ ಬೆರೆಸಿದ ಪಾಲಕ್ ಸೊಪ್ಪು: ನಾನು ಮಾಡುವ ಬಗೆ

ಅಮೆರಿಕದ ಸ್ಟೇಕ್‌ಹೌಸ್‌ಗಳಲ್ಲಿ ಮಾಂಸದ ಜೊತೆಗೆ ಬಡಿಸುವ ಕ್ರೀಮ್ಡ್ ಸ್ಪಿನಾಚ್ (ಕೆನೆಯಂತಹ ಹದದ ಪಾಲಕ್) ಅನ್ನು ಕೋಲಾರದ ನಮ್ಮ ಮನೆಯಲ್ಲಿ ಚಪಾತಿಗೆ ನಂಚಿಕೊಳ್ಳಲು ಆಗಾಗ ಮಾಡುತ್ತೇನೆ. ಹಾಲು, ಬೆಣ್ಣೆ, ಚೀಸ್ ಎಲ್ಲವೂ ಬೀಳುವ ಅಡುಗೆಯಾದರೂ ಇದರ ಹದವೆಲ್ಲ ಸೊಪ್ಪಿನ ನೀರನ್ನು ಎಷ್ಟು ಚೆನ್ನಾಗಿ ತೆಗೆದಿದ್ದೇವೆ ಎಂಬುದರ ಮೇಲೆ ನಿಂತಿದೆ. ಬಸ್ಸಾರು ಮಾಡಿ ಪಳಗಿದ ನಮ್ಮ ಕಡೆಯವರಿಗೆ ಸೊಪ್ಪು ಬಸಿಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅರ್ಧ ಕಿಲೋ ಎಳೆಯ ಪಾಲಕ್ ಸಾಕು. ಬುಡದಲ್ಲಿ ಕೆಂಪು ಮಣ್ಣು ಅಂಟಿಕೊಂಡಿರುವುದರಿಂದ ಅಗಲವಾದ ಪಾತ್ರೆಯ ನೀರಿನಲ್ಲಿ ಅದ್ದಿ, ಸೊಪ್ಪನ್ನು ಕೈಯಿಂದ ಮೇಲೆತ್ತಿಕೊಳ್ಳಬೇಕು. ಪಾತ್ರೆಯನ್ನೇ ಬಗ್ಗಿಸಿದರೆ ತಳಕ್ಕಿಳಿದ ಮಣ್ಣು ಮತ್ತೆ ಎಲೆಗೆ ಸೇರುತ್ತದೆ. ಕುದಿಯುವ ಉಪ್ಪುನೀರಿಗೆ ಸೊಪ್ಪು ಹಾಕಿ ಒಂದು ನಿಮಿಷ ಬಿಡುತ್ತೇನೆ, ಮುಚ್ಚಳ ಮುಚ್ಚುವುದಿಲ್ಲ, ಏಕೆಂದರೆ ಎಲೆಯಲ್ಲಿರುವ ಹುಳಿಯ ಅಂಶ ಹಬೆಯೊಂದಿಗೆ ಹೊರಹೋಗದಿದ್ದರೆ ಹಸಿರು ಮಾಸುತ್ತದೆ. ಕೂಡಲೇ ತಣ್ಣೀರಿಗೆ ಹಾಕಿ, ಆರಿದ ಮೇಲೆ ಹಿಡಿ ಹಿಡಿಯಾಗಿ ಹಿಂಡುತ್ತೇನೆ. ಪಾಲಕ್‌ನ ತೂಕದಲ್ಲಿ ಶೇ. 90ಕ್ಕಿಂತ ಹೆಚ್ಚು ನೀರೇ ಇರುವುದರಿಂದ, ಬುಟ್ಟಿ ತುಂಬಿದ್ದ ಸೊಪ್ಪು ಹಿಂಡಿದ ಮೇಲೆ ಎರಡು ಉಂಡೆಯಷ್ಟಾಗುತ್ತದೆ. ಆ ಉಂಡೆಯನ್ನು ಒಣಗಿದ ಮಣೆಯ ಮೇಲೆ ಒತ್ತಿದಾಗ ನೀರು ಒಸರಬಾರದು. ಇಷ್ಟಾದ ಮೇಲೆಯೇ ಸಣ್ಣಗೆ ಹೆಚ್ಚಬೇಕು. ಮಿಕ್ಸಿಗೆ ಹಾಕಿದರೆ ಸೊಪ್ಪು ಬಾಯಿಗೆ ಸಿಗದೆ ಹೋಗುತ್ತದೆ.

ದಪ್ಪ ತಳದ ಬಾಣಲೆಯಲ್ಲಿ 30 ಗ್ರಾಂ ಬೆಣ್ಣೆ ಕರಗಿಸಿ, ಜಜ್ಜಿದ ಮೂರು ಎಸಳು ಬೆಳ್ಳುಳ್ಳಿಯನ್ನು ಬಾಡಿಸಿ, ಎರಡು ದೊಡ್ಡ ಚಮಚ ಮೈದಾ ಹಾಕಿ ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವವರೆಗೆ, ಆದರೆ ಬಣ್ಣ ತಿರುಗದಂತೆ ಹುರಿಯುತ್ತೇನೆ. ಮೈದಾದ ಕಣಗಳಿಗೆ ಜಿಡ್ಡು ಹತ್ತಿಕೊಂಡಿದ್ದರೆ ಹಾಲು ಬಿದ್ದಾಗ ಗಂಟು ಕಟ್ಟುವುದಿಲ್ಲ. 300 ಮಿಲಿ ಗಟ್ಟಿ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತಾ ಕೈಬಿಡದೆ ತಿರುವಬೇಕು. ಸೌಟಿನ ಬೆನ್ನಿಗೆ ಹತ್ತಿದ ಸಾಸಿನ ಮೇಲೆ ಬೆರಳಿನಿಂದ ಎಳೆದ ಗೆರೆ ಹಾಗೆಯೇ ನಿಂತರೆ ಹದ ಬಂದಂತೆ. ಆಗ ಸೊಪ್ಪು ಬೆರೆಸಿ, ಕಾಳುಮೆಣಸಿನ ಪುಡಿ ಮತ್ತು ತುರಿದ ಜಾಯಿಕಾಯಿ ಒಂದು ಚಿಟಿಕೆ ಸೇರಿಸಿ ಎರಡು ನಿಮಿಷ ಬೇಯಿಸುತ್ತೇನೆ. ಗರಂ ಮಸಾಲೆ ಇದಕ್ಕೆ ಬೇಡವೇ ಬೇಡ, ಹಾಲಿನ ಸವಿಯನ್ನೆಲ್ಲ ಅದು ನುಂಗಿಬಿಡುತ್ತದೆ.

ಒಲೆ ಆರಿಸಿದ ನಂತರವೇ 60 ಗ್ರಾಂ ತುರಿದ ಚೀಸ್ ಹಾಕಬೇಕು. ಕುದಿಯುವಾಗ ಹಾಕಿದರೆ ಅದರ ಪ್ರೋಟೀನ್ ಗಟ್ಟಿಯಾಗಿ ನಾರುನಾರಾಗುತ್ತದೆ, ಜಿಡ್ಡು ಬೇರೆಯಾಗಿ ಮೇಲೆ ತೇಲುತ್ತದೆ. ಚೆಡ್ಡಾರ್ ರುಚಿ ಹೆಚ್ಚು, ಅಂಗಡಿಯ ಸಾದಾ ಪ್ರೊಸೆಸ್ಡ್ ಚೀಸ್ ನಯವಾಗಿ ಕರಗುತ್ತದೆ. ನಾನು ಎರಡನ್ನೂ ಸಮನಾಗಿ ಬೆರೆಸುತ್ತೇನೆ. ಬದಲಿಗೆ ಪನ್ನೀರ್ ಹಾಕಬಹುದೇ ಎಂದು ಅನೇಕರು ಕೇಳುತ್ತಾರೆ. ಬಿಸಿ ಹಾಲಿಗೆ ಹುಳಿ ಹಾಕಿ ಒಡೆಸಿದ ಪನ್ನೀರ್ ಎಷ್ಟು ಕಾಯಿಸಿದರೂ ಕರಗದ ಕಾರಣ ಈ ಕೆನೆಯಂತಹ ಹದ ಅದರಿಂದ ಬರುವುದಿಲ್ಲ. ಚೀಸ್‌ನಲ್ಲಿ ಉಪ್ಪು ಇರುವುದರಿಂದ ಕೊನೆಗೆ ರುಚಿ ನೋಡಿಯೇ ಉಪ್ಪು ಹಾಕುವುದು ಒಳ್ಳೆಯದು.

ನಮ್ಮದು ಟೊಮೆಟೊಗೆ ಹೆಸರಾದ ಜಿಲ್ಲೆಯಾದರೂ ಇದಕ್ಕೆ ಟೊಮೆಟೊ ಸೇರಿಸಬೇಡಿ. ಅದರ ಹುಳಿಗೆ ಹಾಲು ಒಡೆಯಬಹುದು, ಸೊಪ್ಪಿನ ಬಣ್ಣವೂ ಕೆಡುತ್ತದೆ. ಆರಿದಂತೆ ಇದು ಗಟ್ಟಿಯಾಗುತ್ತದೆ, ಆದ್ದರಿಂದ ಮತ್ತೆ ಬಿಸಿ ಮಾಡುವಾಗ ಎರಡು ಚಮಚ ಹಾಲು ಬೆರೆಸಿ, ಸಣ್ಣ ಉರಿಯಲ್ಲಿ ಕುದಿ ಬರದಂತೆ ತಿರುವಬೇಕು.