ಊರಿನ ಮನೆಗೆ ಸ್ಮಾರ್ಟ್ ಸಾಧನ: ಕೊಳ್ಳುವ ಮೊದಲು ಪಕ್ಕದ ಮನೆಯವರನ್ನು ಕೇಳಿ

ಎರಡು ವರ್ಷದ ಹಿಂದೆ, ಆಷಾಢದ ಮಳೆಯಲ್ಲಿ, ಬೆಳಗಿನ ಜಾವ ನಾಲ್ಕರ ಸುಮಾರಿಗೆ ನನ್ನ ಆಯಿ (ಅಮ್ಮ) ಬಚ್ಚಲಮನೆಯಲ್ಲಿ ಜಾರಿ ಬಿದ್ದಳು. ಶಿರಸಿಯಿಂದ ಒಳಗೆ, ತೋಟದ ತಲೆಯ ಮೇಲಿನ ಒಂಟಿ ಮನೆ. ಮೊಬೈಲ್ ನಡುಮನೆಯಲ್ಲಿ ಚಾರ್ಜಿಗೆ ಇತ್ತು. ಕೂಗಿದಳು, ಮಳೆಯ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಹಾಲು ಒಯ್ಯಲು ಬಂದ ಪಕ್ಕದ ಮನೆಯ ಹುಡುಗ ನೋಡುವಷ್ಟರಲ್ಲಿ ಮೂರು ತಾಸು ಕಳೆದಿತ್ತು. ಎಲುಬು ಮುರಿದಿರಲಿಲ್ಲ. ಆದರೆ ಒದ್ದೆ ನೆಲದಲ್ಲಿ ಅಷ್ಟು ಹೊತ್ತು ಬಿದ್ದಿದ್ದಕ್ಕೇ ಒಂದು ವಾರ ಆಸ್ಪತ್ರೆಯಲ್ಲಿ ಇರಬೇಕಾಯಿತು. ವಯಸ್ಸಾದವರು ಬಿದ್ದಾಗ ಪೆಟ್ಟಿನಷ್ಟೇ ಅಪಾಯ ಏಳಲಾಗದೆ ಬಿದ್ದುಕೊಂಡೇ ಇರುವುದು. ಮೈ ತಣ್ಣಗಾಗುತ್ತದೆ, ನೀರಿನ ಅಂಶ ಕಡಿಮೆಯಾಗುತ್ತದೆ, ಮಾಂಸಖಂಡ ಒತ್ತಿ ಹಾಳಾಗುತ್ತದೆ.

ನಾನು ಬೆಂಗಳೂರಿನಲ್ಲಿದ್ದೇನೆ. ಆ ವಾರವೇ ಗಾಬರಿಯಲ್ಲಿ ಆನ್‌ಲೈನಿನಲ್ಲಿ ಸಿಕ್ಕಿದ್ದೆಲ್ಲ ತರಿಸಿದೆ: ಕ್ಯಾಮೆರಾ, ಮಾತನಾಡುವ ಸ್ಪೀಕರ್, ಸ್ಮಾರ್ಟ್ ಬಲ್ಬು, ವಾಚು. ಅರ್ಧಕ್ಕರ್ಧ ಕೆಲಸಕ್ಕೆ ಬರಲಿಲ್ಲ. ಯಾವುದು ಉಳಿಯಿತು, ಯಾಕೆ ಉಳಿಯಿತು ಅಂತ ಹೇಳುತ್ತೇನೆ. ನಿಮ್ಮ ಅಪ್ಪ ಅಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಯಲ್ಲಿದ್ದರೂ ಸರಿ, ಕುಮಟೆ ಕಾರವಾರದ ಕಡೆ ಇದ್ದರೂ ಸರಿ, ಇದೇ ಕ್ರಮದಲ್ಲಿ ಮಾಡಿ.

ಮೊದಲು ಮನುಷ್ಯರು

ಒಂದು ಕಾಗದ ತೆಗೆದುಕೊಳ್ಳಿ. ಹತ್ತು ನಿಮಿಷದಲ್ಲಿ ನಡೆದೋ ಬೈಕಿನಲ್ಲೋ ಮನೆಗೆ ಬರಬಲ್ಲ ಮೂವರ ಹೆಸರು ಬರೆಯಿರಿ. ನಿಮ್ಮ ಹೆಸರು ಬೇಡ. ಬೆಂಗಳೂರಿನಿಂದ ಶಿರಸಿಗೆ ಸುಮಾರು ನಾನೂರು ಕಿಲೋಮೀಟರ್. ಮಳೆಗಾಲದಲ್ಲಿ ಘಟ್ಟದ ರಸ್ತೆಯನ್ನು ನಂಬುವಂತಿಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿದ್ದು ನೆನಪಿದೆಯಲ್ವಾ? ನಿಮ್ಮ ಫೋನಿಗೆ ಮಾತ್ರ ಎಚ್ಚರಿಕೆ ಬಂದರೆ ನೀವು ಮಾಡುವುದು ಇಷ್ಟೇ: ಊರಿನವರಿಗೆ ಫೋನು. ಆ ಫೋನು ನೇರವಾಗಿ ಅವರಿಗೇ ಹೋಗಲಿ.

ಆ ಮೂವರ ಮನೆಗೆ ಹೋಗಿ, ಕೂತು, ಬಾಯಿಬಿಟ್ಟು ಕೇಳಿ. ರಾತ್ರಿ ಎರಡಕ್ಕೆ ಬೆಲ್ಲಾದರೆ ಬರುತ್ತೀರಾ ಅಂತ. ನಾನು ಕೇಳಿದ ಒಬ್ಬರು ರಾತ್ರಿ ಕಿವಿ ಕೇಳುವುದಿಲ್ಲ ಅಂತ ನಿಜ ಹೇಳಿದರು, ಅವರ ಮಗನ ಹೆಸರು ಸೇರಿಸಿದೆವು. ಒಂದು ಕೀಲಿಕೈ ಅವರ ಹತ್ತಿರ ಇರಲಿ. ಹಳೆ ಮನೆಯ ಹೆಬ್ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದರೆ ಯಾವ ಕೀಲಿಯೂ ಉಪಯೋಗಕ್ಕೆ ಬರುವುದಿಲ್ಲ, ಹಾಗಾಗಿ ಹಿತ್ತಿಲ ಬಾಗಿಲಿಗೆ ಹೊರಗಿನಿಂದ ತೆಗೆಯುವಂಥ ಬೀಗ ಹಾಕಿಸಿ.

ರಾತ್ರಿ ಒಮ್ಮೆ ಮನೆ ನಡೆಯಿರಿ

ಇದನ್ನು ಯಾರೂ ಮಾಡುವುದಿಲ್ಲ, ಆದರೆ ನನಗೆ ಅತಿ ಹೆಚ್ಚು ಕಲಿಸಿದ್ದು ಇದೇ. ರಾತ್ರಿ ಆಯಿ ಮಂಚದಿಂದ ಎದ್ದು ಬಚ್ಚಲಿಗೆ ಹೇಗೆ ಹೋಗುತ್ತಾಳೋ ಹಾಗೇ ಹೋಗಲು ಹೇಳಿ ಹಿಂದೆ ನಡೆದೆ. ಎರಡು ಎತ್ತರದ ಹೊಸಿಲು. ಅಡುಗೆಮನೆ ದಾಟಿದ ಮೇಲೆ ಒಂದು ಮೆಟ್ಟಿಲು ಇಳಿಯಬೇಕು. ಅಲ್ಲಿ ಬಲಗೈ ಗೋಡೆ ತಡಕಿತು. ಗೋಡೆಯ ಮೇಲೆ ಅದೇ ಜಾಗದಲ್ಲಿ ಅಂಗೈಯಷ್ಟು ಕಪ್ಪು ಕಲೆ, ವರ್ಷಗಟ್ಟಲೆ ಅವಳು ಕೈ ಊರಿ ಊರಿ ಆದದ್ದು. ನಾನು ಅದೇ ಮನೆಯಲ್ಲಿ ಹುಟ್ಟಿ ಬೆಳೆದವಳು, ಒಂದು ದಿನವೂ ಅದನ್ನು ನೋಡಿರಲಿಲ್ಲ. ಮೊದಲ ಹಿಡಿಕೆ ಕೂರಿಸಿದ್ದು ಆ ಕಲೆಯ ಮೇಲೆ.

ಬಚ್ಚಲಿನ ಬಾಗಿಲು ಒಳಗೆ ತೆರೆಯುತ್ತಿದ್ದರೆ ಬಡಗಿಯನ್ನು ಕರೆಸಿ ಹೊರಗೆ ತೆರೆಯುವಂತೆ ಮಾಡಿಸಿ. ಬಿದ್ದವರ ಮೈ ಬಾಗಿಲಿಗೆ ಅಡ್ಡವಾದರೆ ತಳ್ಳಿ ಒಳಗೆ ಹೋಗಲಾಗುವುದಿಲ್ಲ. ಒಳಗಿನ ಚಿಲಕ ತೆಗೆಸಿಬಿಡಿ. ಹಂಡೆಯ ಪಕ್ಕ, ನೀರು ಚೆಲ್ಲುವ ಕಡೆ ಜಾರದ ಮ್ಯಾಟು ಹಾಕಿ. ಗೀಸರ್ ಇದ್ದರೆ ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ, ಕರೆಂಟು ಸೋರಿದರೆ ಕ್ಷಣದಲ್ಲಿ ಲೈನು ಕಡಿಯುವುದು ಅದೇ. ಇದ್ಯಾವುದೂ ಸ್ಮಾರ್ಟ್ ಅಲ್ಲ. ಆದರೆ ಇದಾಗದೆ ಮುಂದಿನದಕ್ಕೆ ದುಡ್ಡು ಹಾಕಬೇಡಿ.

ಬೆಳಕು

ಆಮೇಲೆ ದೀಪ. ಆಳು ಓಡಾಡಿದರೆ ತಾನೇ ಹತ್ತುವ ಸೆನ್ಸರ್ ದೀಪಗಳು ಕೆಲವೇ ನೂರು ರೂಪಾಯಿಗೆ ಸಿಗುತ್ತವೆ. ಮೈಯ ಬಿಸಿ ಅಲುಗಾಡಿದ್ದನ್ನು ಅವು ಗುರುತಿಸುತ್ತವೆ, ಇಂಟರ್‌ನೆಟ್ ಬೇಡ. ಮಂಚದ ಕೆಳಗೆ ಒಂದು, ಪ್ರತಿ ಹೊಸಿಲಿಗೆ ಒಂದು, ಮೆಟ್ಟಿಲಿಗೆ ಒಂದು. ಮೊಣಕಾಲಿನ ಎತ್ತರದಲ್ಲಿ ಹಾಕಿ, ಕಣ್ಣಿಗೆ ಹೊಡೆಯಬಾರದು, ಕಾಲು ಇಡುವ ಜಾಗ ಕಾಣಬೇಕು. ಬ್ಯಾಟರಿಯದ್ದೋ ಚಾರ್ಜ್ ಆಗುವಂಥದ್ದೋ ತನ್ನಿ, ಕರೆಂಟು ಹೋದ ರಾತ್ರಿಯೇ ಇದು ಬೇಕಾಗುವುದು. ಬೆಕ್ಕು ಓಡಾಡಿದರೂ ಹತ್ತುತ್ತದೆ, ಚಿಂತೆ ಇಲ್ಲ.

ದೀಪದ ಬೆನ್ನಿಗೆ ಕೊಟ್ಟ ಅಂಟುಟೇಪನ್ನು ಮಾತ್ರ ನಂಬಬೇಡಿ. ಜೂನ್ ತಿಂಗಳ ತೇವಕ್ಕೆ ಸುಣ್ಣದ ಗೋಡೆಯಿಂದ ಒಂದೊಂದೇ ಕಳಚಿ ಬೀಳುತ್ತದೆ. ಮೊಳೆ ಅಥವಾ ಸ್ಕ್ರೂ ಹೊಡೆಯಿರಿ.

ಸ್ಮಾರ್ಟ್ ಬಲ್ಬನ್ನು ಮಲಗುವ ಕೋಣೆಗೆ ಹಾಕುವುದಾದರೆ ಒಂದು ವಿಷಯ. ಕರೆಂಟು ಹೋಗಿ ಬಂದಾಗ ಇಂಥ ಎಷ್ಟೋ ಬಲ್ಬುಗಳು ತಾವಾಗಿ ಪೂರ್ತಿ ಹತ್ತಿಕೊಳ್ಳುತ್ತವೆ. ನಮ್ಮ ಕಡೆ ಮಳೆಗಾಲದ ಒಂದು ರಾತ್ರಿಗೆ ಎಷ್ಟು ಸಲ ಕರೆಂಟು ಹೋಗುತ್ತದೆ ಗೊತ್ತಲ್ವಾ, ಅಷ್ಟೂ ಸಲ ಆಯಿಗೆ ಎಚ್ಚರ. ಆಪ್‌ನಲ್ಲಿ ಕರೆಂಟು ಬಂದಾಗ ಆರಿಯೇ ಇರುವಂತೆ ಸೆಟ್ಟಿಂಗ್ ಬದಲಿಸಿ. ಆ ಸೆಟ್ಟಿಂಗ್ ಇಲ್ಲದಿದ್ದರೆ ಬೇರೆ ಬಲ್ಬು ಹಾಕಿ.

ಕರೆಯುವ ಗುಂಡಿ

ಒಂದೇ ಒಂದು ಸಾಧನ ಕೊಳ್ಳುವಷ್ಟು ದುಡ್ಡಿದ್ದರೆ ಇದನ್ನು ಕೊಳ್ಳಿ. ಕುತ್ತಿಗೆಗೆ ಹಾಕುವ ಅಥವಾ ಗೋಡೆಗೆ ಹೊಡೆಯುವ ಗುಂಡಿ, ಒತ್ತಿದರೆ ಬೇರೆ ಕಡೆ ಸದ್ದಾಗಬೇಕು. ಎರಡು ಬಗೆ ಇದೆ.

ಪಕ್ಕದ ಮನೆ ಹತ್ತಿರವಿದ್ದರೆ ವೈರ್‌ಲೆಸ್ ಕಾಲಿಂಗ್ ಬೆಲ್ ಸಾಕು. ಗುಂಡಿ ನಮ್ಮಲ್ಲಿ, ಬೆಲ್ಲು ಅವರ ಮನೆಯಲ್ಲಿ. ಡಬ್ಬಿಯ ಮೇಲೆ ಬರೆದ ಮೀಟರಿನ ಲೆಕ್ಕ ಬಯಲಿನದ್ದು, ಚಿರೇಕಲ್ಲಿನ ದಪ್ಪ ಗೋಡೆ ಅಡ್ಡ ಬಂದರೆ ಬಹಳ ಕಡಿಮೆಯಾಗುತ್ತದೆ. ಹಾಕಿ, ಬಚ್ಚಲಿನ ಬಾಗಿಲು ಮುಚ್ಚಿ ಒಳಗಿನಿಂದ ಒತ್ತಿ ನೋಡಿಯೇ ಜಾಗ ಗೊತ್ತು ಮಾಡಿ.

ಮನೆ ದೂರವಿದ್ದರೆ ಸಿಮ್ ಹಾಕುವ ಡಯಲರ್ ಡಬ್ಬಿ. ಗುಂಡಿ ಒತ್ತಿದರೆ ಅದರಲ್ಲಿ ತುಂಬಿಸಿದ ನಂಬರುಗಳಿಗೆ ಒಂದಾದ ಮೇಲೊಂದು ಫೋನು ಹೋಗುತ್ತದೆ. ಮೊದಲ ಮೂರು ನಂಬರು ಊರಿನ ಆ ಮೂವರದ್ದು, ನಾಲ್ಕನೆಯದು ನಿಮ್ಮದು. ಸಿಮ್ ತರುವ ಮೊದಲು ಮನೆಯಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ನೋಡಿ. ಅದರ ರೀಚಾರ್ಜ್ ತಾರೀಕನ್ನು ನಿಮ್ಮ ಫೋನಿನಲ್ಲಿ ಅಲಾರಂ ಇಡಿ, ರೀಚಾರ್ಜ್ ಮುಗಿದ ಸಿಮ್ಮಿನಿಂದ ಕರೆ ಹೋಗುವುದಿಲ್ಲ.

ಗುಂಡಿ ಎಲ್ಲಿ ಹೊಡೆಯಬೇಕು? ನೆಲದಿಂದ ಒಂದು ಅಡಿ ಮೇಲೆ. ನಿಂತವರ ಕೈಗೆ ಅಲ್ಲ, ಬಿದ್ದವರ ಕೈಗೆ ಸಿಗಬೇಕು. ನಾನು ಮೊದಲು ಸ್ವಿಚ್ಚಿನ ಎತ್ತರಕ್ಕೆ ಹೊಡೆಸಿದ್ದೆ, ಆಯಿಯೇ ನೆಲದ ಮೇಲೆ ಕೂತು ಕೈ ಚಾಚಿ ತೋರಿಸಿದ ಮೇಲೆ ಕೆಳಗೆ ಇಳಿಸಿದೆ.

ಮೊಬೈಲೂ ಸಹಾಯಕ್ಕೆ ಬರುತ್ತದೆ. 2017ರ ಜನವರಿಯಿಂದ ನಮ್ಮ ದೇಶದಲ್ಲಿ ಮಾರುವ ಫೋನುಗಳಿಗೆ ಪ್ಯಾನಿಕ್ ಬಟನ್ ಇರಬೇಕೆಂಬ ನಿಯಮ ಬಂತು. ಗುಂಡಿ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ, ಸ್ಮಾರ್ಟ್ ಫೋನಿನಲ್ಲಿ ಪವರ್ ಬಟನ್ ಬೇಗ ಬೇಗ ಒತ್ತಿದರೆ ತುರ್ತು ಸಹಾಯದ 112ಕ್ಕೆ ಕರೆ ಹೋಗುವ ವ್ಯವಸ್ಥೆ. ಫೋನಿನಿಂದ ಫೋನಿಗೆ ರೀತಿ ಬೇರೆ, ಸೆಟ್ಟಿಂಗಿನಲ್ಲಿ ನೋಡಿ ಹೇಳಿಕೊಡಿ. ಆಂಬುಲೆನ್ಸಿಗೆ 108. ಹಿರಿಯರಿಗೆಂದೇ ಇರುವ ಸಹಾಯವಾಣಿ 14567. ಈ ಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ.

ಬಿದ್ದದ್ದನ್ನು ತಾನೇ ಗುರುತಿಸುವ ವಾಚುಗಳೂ ಇವೆ. ಆಪಲ್ ವಾಚಿನಲ್ಲಿ ಇದು 2018ರಲ್ಲೇ ಬಂತು, ಈಗ ಬೇರೆ ಕಂಪನಿಗಳಲ್ಲೂ ಇದೆ. ದುಡ್ಡಿದ್ದರೆ ತೆಗೆದುಕೊಳ್ಳಿ. ಆದರೆ ಮತ್ತೆ ಮತ್ತೆ ಚಾರ್ಜ್ ಮಾಡಬೇಕು, ಮೆಲ್ಲಗೆ ಗೋಡೆಗೆ ಒರಗಿ ಕುಸಿದರೆ ಅದಕ್ಕೆ ತಿಳಿಯದೇ ಹೋಗಬಹುದು, ಸ್ನಾನಕ್ಕೆ ಹೋಗುವಾಗ ನಮ್ಮವರು ಬಿಚ್ಚಿಡುತ್ತಾರೆ. ಆಯಿಯ ವಾಚು ಈಗ ದೇವರ ಕೋಣೆಯ ಗೂಡಿನಲ್ಲಿದೆ. ಗುಂಡಿ ಮಾತ್ರ ಕುತ್ತಿಗೆಯಲ್ಲೇ ಇದೆ.

ಕರೆಂಟು, ನೆಟ್ಟು

ವೈಫೈ ಬೇಕಾದ ಸಾಧನ ಹಾಕುವುದಾದರೆ ರೂಟರಿಗೆ ಮತ್ತು ಫೈಬರ್ ಡಬ್ಬಿಗೆ ಸಣ್ಣ ಯುಪಿಎಸ್ ಹಾಕಿ, ಅಥವಾ ಎರಡನ್ನೂ ಇನ್ವರ್ಟರ್ ಲೈನಿಗೆ ಕೊಡಿಸಿ. ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಮರೆತರೆ ಸುಮ್ನೆ. ಇಂಥ ಸಾಧನಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಜೋಡಿಸುವಾಗ ಹಟ ಹಿಡಿದರೆ ಮೊದಲು ಇದನ್ನೇ ನೋಡಿ. ಗುಡುಗು ಸಿಡಿಲಿನ ದಿನ ಪ್ಲಗ್ ಕೀಳುವ ರೂಢಿ ನಮ್ಮ ಮನೆಗಳಲ್ಲಿದೆ, ಒಳ್ಳೆಯದೇ. ಹಾಗೆ ಕಿತ್ತ ಹೊತ್ತಲ್ಲೂ ಕೆಲಸ ಮಾಡಬೇಕಾದ್ದು ಕರೆಯುವ ಗುಂಡಿ. ಅದಕ್ಕೇ ಅದು ವೈಫೈ ನಂಬಿಕೊಂಡಿರಬಾರದು, ಡಯಲರ್ ಡಬ್ಬಿಯಾದರೆ ಒಳಗೆ ತನ್ನದೇ ಬ್ಯಾಟರಿ ಇರುವಂಥದ್ದನ್ನೇ ತನ್ನಿ.

ಗ್ಯಾಸು

ವಯಸ್ಸಾದಂತೆ ಮೂಗು ಮಂದವಾಗುತ್ತದೆ. ಸಿಲಿಂಡರ್ ಸೋರಿದ ವಾಸನೆ ನಮಗೆ ಬಂದಷ್ಟು ಬೇಗ ಅವರಿಗೆ ಬರುವುದಿಲ್ಲ. ಗ್ಯಾಸ್ ಡಿಟೆಕ್ಟರ್ ಹಾಕಿಸಿ, ಆದರೆ ಜಾಗ ಸರಿ ಇರಲಿ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ, ಹಾಗಾಗಿ ಡಿಟೆಕ್ಟರ್ ನೆಲದಿಂದ ಒಂದು ಅಡಿ ಮೇಲೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಗೋಬರ್ ಗ್ಯಾಸ್ ಒಲೆಯೂ ಉಂಟು. ಅದರಲ್ಲಿ ಹೆಚ್ಚಿನ ಪಾಲು ಮೀಥೇನ್, ಗಾಳಿಗಿಂತ ಹಗುರ, ಮೇಲೇರುತ್ತದೆ. ಅದಕ್ಕೆ ಮೀಥೇನ್ ಗುರುತಿಸುವ ಬೇರೆ ಡಿಟೆಕ್ಟರನ್ನು ಮಾಡಿನ (ಛಾವಣಿಯ) ಹತ್ತಿರ ಹಾಕಬೇಕು. ಅಂಗಡಿಯಲ್ಲಿ ಎರಡನ್ನೂ ಒಂದೇ ಅಂತ ಕೊಡಲು ಬಂದರೆ ಡಬ್ಬಿ ಓದಿ ನೋಡಿ.

ಅದು ಕೂಗಿದರೆ ಏನು ಮಾಡಬೇಕು ಅಂತ ಮೊದಲೇ ಹೇಳಿಕೊಟ್ಟಿರಿ: ಸ್ವಿಚ್ ಮುಟ್ಟಬಾರದು, ರೆಗ್ಯುಲೇಟರ್ ಆಫ್ ಮಾಡಿ ಕಿಟಕಿ ಬಾಗಿಲು ತೆರೆದು ಅಂಗಳಕ್ಕೆ ಬರಬೇಕು. ಸಿಲಿಂಡರ್ ಸೋರಿಕೆಗೆ 1906ಕ್ಕೆ ಫೋನು, ಅದೂ ಅಂಗಳದಿಂದ. ಹೊಗೆ ಡಿಟೆಕ್ಟರ್ ಮಾತ್ರ ಸೌದೆ ಒಲೆಯ ಅಡುಗೆಮನೆಗೂ ಬಚ್ಚಲಿಗೂ ಬೇಡ, ದಿನಾ ಬೆಳಿಗ್ಗೆ ಕೂಗಿ ಕೂಗಿ ಕೊನೆಗೆ ಯಾರೋ ಬ್ಯಾಟರಿ ಕಿತ್ತಿಡುತ್ತಾರೆ.

ಕ್ಯಾಮೆರಾ ಬೇಕಾ?

ನಾನು ನಡುಮನೆಗೆ ಕ್ಯಾಮೆರಾ ಹಾಕಿದ ದಿನದಿಂದ ಆಯಿ ಅಲ್ಲಿ ಕೂರುವುದನ್ನೇ ಬಿಟ್ಟಳು. ಒಂದು ವಾರದ ಮೇಲೆ ಕೇಳಿದಳು, "ಎಂತಕ್ಕೆ ಕೂಸೇ ಇದೆಲ್ಲ ಯಂಗೆ?" (ನನಗ್ಯಾಕೆ ಮಗಳೇ ಇದೆಲ್ಲ?) ಅಂತ. ಅವತ್ತೇ ತೆಗೆದೆ. ಮನೆ ಅವಳದ್ದು. ಹೊರಗೆ ಜಗಲಿಯ ಕಡೆ, ಬಂದವರು ಯಾರು ಅಂತ ಕಾಣುವಂತೆ ಒಂದು ಇರಲಿ ಅಂತ ಅವಳೇ ಒಪ್ಪಿದಳು. ಅದರ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ.

ಕ್ಯಾಮೆರಾ ಬದಲು ಅಡುಗೆಮನೆಯ ಬಾಗಿಲಿಗೆ ಒಂದು ಸಣ್ಣ ಸೆನ್ಸರ್ ಹಾಕಿದ್ದೇವೆ. ಬಾಗಿಲು ತೆರೆದದ್ದು, ಮುಚ್ಚಿದ್ದು ಮಾತ್ರ ಅದಕ್ಕೆ ಗೊತ್ತು. ಬೆಳಿಗ್ಗೆ ಏಳೂವರೆಯ ಒಳಗೆ ಬಾಗಿಲು ತೆರೆಯದಿದ್ದರೆ ಪಕ್ಕದ ಮನೆಯ ಅತ್ತಿಗೆಗೂ ನನಗೂ ಸಂದೇಶ ಬರುತ್ತದೆ. ಆಯಿಗೆ ಇದರಿಂದ ಬೇಜಾರಿಲ್ಲ, ಯಾರೂ ತನ್ನನ್ನು ನೋಡುತ್ತಿಲ್ಲ ಅಂತ ಅವಳಿಗೆ ಗೊತ್ತು.

ಮಾತನಾಡುವ ಸ್ಪೀಕರಿಗೆ ಅವಳ ಮಾತು ತಿಳಿಯಲಿಲ್ಲ, ವಾಪಸ್ ತಂದೆ. ಮಾತ್ರೆಗೆ ಫೋನಿನ ಅಲಾರಂ ಸಾಕು. ಅಲಾರಂ ಸದ್ದಿನ ಜಾಗದಲ್ಲಿ ನನ್ನ ಮಗಳು "ಅಮ್ಮಮ್ಮಾ, ಬಿಳಿ ಮಾತ್ರೆ" ಅಂತ ಹೇಳಿದ್ದನ್ನು ರೆಕಾರ್ಡ್ ಮಾಡಿ ಹಾಕಿದೆ. ಒಂದು ದಿನವೂ ತಪ್ಪಿಲ್ಲ.

ತೋಟದ ಪಂಪಿಗೆ, ಫೋನಿನಿಂದಲೇ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ಇನ್ನೂ ಹಾಕಿಸಿರದಿದ್ದರೆ ಅದನ್ನೂ ಈ ಪಟ್ಟಿಗೆ ಸೇರಿಸಿ. ಕತ್ತಲಲ್ಲಿ ಹಳ್ಳದ ದಂಡೆಗೆ ಇಳಿದು ಒದ್ದೆ ಕೈಯಲ್ಲಿ ಸ್ವಿಚ್ ಹಾಕುವುದು ಎಪ್ಪತ್ತು ದಾಟಿದವರ ಕೆಲಸ ಅಲ್ಲ.

ತಿಂಗಳಿಗೊಮ್ಮೆ ಒತ್ತಿ ನೋಡಿ

ಪ್ರತಿ ತಿಂಗಳ ಒಂದನೇ ತಾರೀಕು ಸಂಜೆ ಐದಕ್ಕೆ ಆಯಿ ಗುಂಡಿ ಒತ್ತುತ್ತಾಳೆ. ಪಕ್ಕದ ಮನೆಯವರು ಅಂಗಳಕ್ಕೆ ಬಂದು ಕೈ ಎತ್ತುತ್ತಾರೆ. ಮಳೆಗಾಲಕ್ಕೆ ಮೊದಲು, ಮೇ ಕೊನೆಯಲ್ಲಿ, ಎಲ್ಲದಕ್ಕೂ ಹೊಸ ಬ್ಯಾಟರಿ. ತೇವಕ್ಕೆ ಬ್ಯಾಟರಿಯ ತುದಿ ಹಸಿರುಗಟ್ಟಿದ್ದರೆ ಒಣಬಟ್ಟೆಯಲ್ಲಿ ಉಜ್ಜಿ. ಮೇನ್ ಸ್ವಿಚ್ ಆಫ್ ಮಾಡಿ ಒಂದು ತಾಸು ಬಿಟ್ಟು ಯಾವುದು ಬದುಕಿದೆ, ಯಾವುದು ಸತ್ತಿದೆ ನೋಡಿ.

ಎರಡು ತಿಂಗಳ ಹಿಂದೆ ಆಯಿ ಒತ್ತಿದಾಗ ಯಾರೂ ಅಂಗಳಕ್ಕೆ ಬರಲಿಲ್ಲ. ಹೋಗಿ ನೋಡಿದರೆ ಬೆಲ್ಲಿನ ಪ್ಲಗ್ ಕಿತ್ತು ಅಲ್ಲಿ ಮಿಕ್ಸಿ ಹಾಕಿದ್ದರು. ಈಗ ಆ ಬೆಲ್ಲು ಅತ್ತಿಗೆಯ ಮಲಗುವ ಕೋಣೆಗೆ ಹೋಗಿದೆ, ಪ್ಲಗ್ಗಿಗೆ ಕೆಂಪು ಟೇಪು ಸುತ್ತಿದೆ.