ಗಂಟೆ ಹೊಡೆಯುವ ಮುಂಚೆ ಅವನಿಗೆ ಹೇಳಬೇಕಿತ್ತು

ನಮ್ಮ ಶಾಲೆಯ ಜಗಲಿಯಲ್ಲಿ ಹಳೇ ರೈಲು ಕಂಬಿಯ ತುಂಡು ನೇತಾಡುತ್ತದೆ. ಅದೇ ನಮ್ಮ ಗಂಟೆ. ಅದನ್ನು ಬಾರಿಸಿದಾಗಲೆಲ್ಲ ಎರಡನೇ ತರಗತಿಯ ಆ ಹುಡುಗ ಬೆಂಚಿನ ಕೆಳಗೆ ನುಗ್ಗುತ್ತಿದ್ದ. ಕಿವಿ ಮುಚ್ಚಿಕೊಂಡು ಹಿಂದೆ ಮುಂದೆ ತೂಗುತ್ತಿದ್ದ. ನಾನು ಹಟ ಅಂದುಕೊಂಡೆ. ಎಳೆದು ಕೂರಿಸಿದೆ. ಗಲ್ಲ ಹಿಡಿದು "ನನ್ನ ಮುಖ ನೋಡಿ ಹೇಳು" ಎಂದೆ. ಅವತ್ತಿಡೀ ಅವನು ಬಾಯಿ ಬಿಡಲಿಲ್ಲ. ಈಗಲೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಅವನಿಗೆ ಆಟಿಸಂ ಇದೆ, ಅಂದರೆ ಮಾತು, ಒಡನಾಟ, ಸದ್ದು ಸ್ಪರ್ಶಗಳ ಅನುಭವ ಬೇರೆ ರೀತಿ ಇರುತ್ತದೆ ಎಂದು ಅವನಮ್ಮ ಹೇಳಿದ್ದರು. ಆ ಪದ ಗೊತ್ತಿತ್ತು, ಅಷ್ಟೇ. ದಾರಿ ತೋರಿಸಿದ್ದೂ ಅವರೇ. "ಟೀಚರ್, ಮನೇಲಿ ಕುಕ್ಕರ್ ಕೂಗಿದ್ರೂ ಹಿಂಗೇ ಆಡ್ತಾನೆ. ವಿಷಲ್ ಬರೋ ಮುಂಚೆ ನಾನು ಹೇಳ್ಬಿಡ್ತೀನಿ."

ಒಂದು ವಾರ ಪುಸ್ತಕ ಇಟ್ಟುಕೊಂಡು ಬರೆದೆ. ಯಾವಾಗ ಕಿರುಚಿದ, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು, ಇಷ್ಟೇ. ಗಂಟೆ, ಬಿಸಿಯೂಟದ ಹೊತ್ತಿಗೆ ಸ್ಟೀಲ್ ತಟ್ಟೆಗಳ ಸದ್ದು, ಅಂಗಿಯ ಕೊರಳಪಟ್ಟಿಯ ಲೇಬಲ್ಲು. ಮತ್ತೆ ಮತ್ತೆ ಇವೇ ಬಂದವು. ಆದರೆ ಅದೇ ಹುಡುಗ ಮೊಣಕಾಲು ತರಚಿ ರಕ್ತ ಸುರಿಯುತ್ತಿದ್ದರೂ ಆಡುತ್ತಲೇ ಇದ್ದ. ಸದ್ದು ವಿಪರೀತ, ನೋವು ಗೊತ್ತೇ ಆಗುವುದಿಲ್ಲ. ಎರಡೂ ಒಬ್ಬನಲ್ಲೇ ಇರಬಹುದು. ಇದು ನಿಜಕ್ಕೂ ಹುಷಾರಾಗಿರಬೇಕಾದ ವಿಷಯ: ಜ್ವರ ಬಂದರೂ, ಪೆಟ್ಟಾದರೂ ಅವನು ಹೇಳದೇ ಇರಬಹುದು, ನಾವೇ ಮೈ ಮುಟ್ಟಿ ನೋಡಬೇಕು. 2013ರಿಂದ ವೈದ್ಯರ ಕೈಪಿಡಿ ಡಿಎಸ್‌ಎಂ-5ರಲ್ಲಿ ಹೀಗೆ ಕೆಲವು ಅನುಭವ ಅತಿಯಾಗಿ, ಕೆಲವು ತೀರಾ ಕಡಿಮೆ ತಟ್ಟುವುದೂ ಆಟಿಸಂನ ಲಕ್ಷಣಗಳಲ್ಲಿ ಒಂದು.

ಗಂಟೆಯ ಸುತ್ತಿಗೆಗೆ ಸೈಕಲ್ ಟ್ಯೂಬ್ ಸುತ್ತಿದೆವು. ಹೊಡೆಯುವ ಮುಂಚೆ ಅವನ ಮುಂದೆ ಬಂದು ಎರಡು ಬೆರಳು ಎತ್ತುತ್ತೇನೆ. ಊಟಕ್ಕೆ ಹತ್ತು ನಿಮಿಷ ಮೊದಲೇ, ಇಬ್ಬರು ಗೆಳೆಯರ ಜೊತೆ ಜಗಲಿಯ ತುದಿಯಲ್ಲಿ ಕೂರುತ್ತಾನೆ. ಒಬ್ಬನನ್ನೇ ದೂರ ಕೂರಿಸಲು ನನಗೆ ಮನಸ್ಸಾಗಲಿಲ್ಲ. ಲೇಬಲ್ಲನ್ನು ಅಮ್ಮ ಕತ್ತರಿಸಿದರು. "ಹೀಗೆ ಮುದ್ದು ಮಾಡಿದ್ರೆ ಹೊಂದಿಕೊಳ್ಳೋದು ಯಾವಾಗ?" ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಕಾಲಲ್ಲಿ ಮುಳ್ಳಿರುವಾಗ ಯಾರಾದರೂ ಮಗ್ಗಿ ಕಲಿಯುತ್ತಾರಾ? ಮುಳ್ಳು ತೆಗೆದ ಮೇಲೆ ತಾನೇ ಪಾಠ.

ಮಾತಿನ ವಿಷಯ ನನಗೆ ಇನ್ನೂ ಕಷ್ಟವಾಯಿತು. ಹಸಿವಾದಾಗ ಅವನು "ಊಟ ಆಯ್ತಾ?" ಅನ್ನುತ್ತಿದ್ದ. ನಾನು ಆಯ್ತಪ್ಪಾ ಎಂದು ಸುಮ್ನೆ ಹೋಗಿಬಿಡುತ್ತಿದ್ದೆ. ಊಟದ ಹೊತ್ತಲ್ಲಿ ತನ್ನ ಕಿವಿಗೆ ಬಿದ್ದ ಮಾತನ್ನೇ ಅವನು ಊಟ ಕೇಳಲು ಬಳಸುತ್ತಿದ್ದ! ಇನ್ನೊಂದು ದಿನ ತರಗತಿಗೆಲ್ಲ "ಬಾಯಿಗೆ ಬೀಗ ಹಾಕಿ" ಎಂದೆ. ಅವನು ಎದ್ದು ಹೋಗಿ ಬೀರುವಿನ ಬೀಗ ಹಿಡಿದು ನಿಂತ. ಮಕ್ಕಳು ನಕ್ಕರು. ಯಾಕೆಂದು ಅವನಿಗೆ ತಿಳಿಯಲಿಲ್ಲ. ಈಗ "ಮಾತು ನಿಲ್ಲಿಸಿ" ಅನ್ನುತ್ತೇನೆ. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಬರೆದದ್ದು ಇದನ್ನೇ: ಅರ್ಥವಾಗದಿರುವುದು ಎರಡೂ ಕಡೆಯ ತೊಡಕು. ಬೀಗದ ದಿನ ತೊಡಕು ನನ್ನ ಮಾತಿನಲ್ಲೇ ಇತ್ತು, ಅಲ್ವಾ?

ಮುಖ ನೋಡು ಎಂದು ಈಗ ಹೇಳುವುದಿಲ್ಲ. ಕಿಟಕಿ ನೋಡುತ್ತಿರುವಾಗಲೇ ಅವನು ಚೆನ್ನಾಗಿ ಕೇಳಿಸಿಕೊಳ್ಳುತ್ತಾನೆ.

ಶಾಲಾ ವಾರ್ಷಿಕೋತ್ಸವದ ಮೈಕಿಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಈ ಸಲ ಡೊಳ್ಳಿನ ಅಭ್ಯಾಸ ಶುರುವಾದಾಗ ನನ್ನ ಸೆರಗು ಜಗ್ಗಿ, ಎರಡು ಬೆರಳು ಎತ್ತಿ ತೋರಿಸಿದ. ಹೊಂಗೆ ಮರದ ಕೆಳಗೆ ಇಬ್ಬರೂ ಹೋಗಿ ಕೂತೆವು.