ಪಿಕಪ್ಪೂ ಬೇಕು, ಹೈವೇನೂ ಬೇಕು: ಹಿಂದಿನ ಆಕ್ಸಲ್‌ನ ಕ್ರೌನ್-ಪಿನಿಯನ್ ಬದಲಿಸುವುದು ಹೀಗೆ

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ದಿನಾ ಹೋಗಿ ಬರುವವರ ಗಾಡಿ ಹೆಚ್ಚು ಹೊತ್ತು ಟಾಪ್ ಗೇರ್‌ನಲ್ಲೇ ಇರುತ್ತದೆ. ಭಾನುವಾರ ಅದೇ ಗಾಡಿ ದೇವರಾಯನದುರ್ಗ ಹತ್ತಬೇಕು, ತಿರುವು ದಾಟಿದ ಕೂಡಲೇ ಎಳೆಯಬೇಕು. ಹಿಂದಿನ ಚಕ್ರ ಎಳೆಯುವ ಗಾಡಿ ಇದ್ದರೆ, ಎಂಜಿನ್ ಮುಟ್ಟದೆ ಪಿಕಪ್ ಹೆಚ್ಚಿಸಿಕೊಳ್ಳಲು ಒಂದು ಒಳ್ಳೆ ದಾರಿ ಇದೆ. ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಎಂಜಿನ್ ಬಲ ಹಂಚುವ ಭಾಗ) ಒಳಗಿನ ಕ್ರೌನ್-ಪಿನಿಯನ್, ಅಂದರೆ ದೊಡ್ಡ ಹಲ್ಲುಚಕ್ರ ಮತ್ತು ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ, ಬದಲಿಸುವುದು.

ಮೊದಲು ಲೆಕ್ಕ. ಕ್ರೌನ್‌ನ ಹಲ್ಲುಗಳನ್ನು ಪಿನಿಯನ್‌ನ ಹಲ್ಲುಗಳಿಂದ ಭಾಗಿಸಿ, ಅದೇ ರೇಶಿಯೊ. 41 ಮತ್ತು 11 ಇದ್ದರೆ 3.73. 41 ಮತ್ತು 10 ಇದ್ದರೆ 4.10. 41 ಮತ್ತು 9 ಇದ್ದರೆ 4.56. ಸಂಖ್ಯೆ ಜಾಸ್ತಿ ಆದಷ್ಟೂ ಎಳೆತ ಜಾಸ್ತಿ, ಆದರೆ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕು. 205/60 ಆರ್15 ಟೈರ್ ಒಂದು ಸುತ್ತಿಗೆ ಸುಮಾರು 1.97 ಮೀಟರ್ ಹೋಗುತ್ತದೆ, ಅಂದರೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 846 ಸುತ್ತು. ಐದನೇ ಗೇರ್ 0.85 ಇದೆ ಅಂದುಕೊಳ್ಳಿ. ಆಗ 3.73ರಲ್ಲಿ ಎಂಜಿನ್ 2,680ರ ಆಸುಪಾಸು ಇರುತ್ತದೆ, 4.10ರಲ್ಲಿ 2,950, 4.56ರಲ್ಲಿ 3,280. ನೆಲಮಂಗಲದವರೆಗೆ ದಿನಾ 3,280ರಲ್ಲಿ ಕೂತು ಹೋಗುವುದು ಕಿವಿಗೂ ಕಷ್ಟ, ಪೆಟ್ರೋಲಿಗೂ ಕಷ್ಟ. ದಿನಬಳಕೆಯ ಗಾಡಿಗೆ ಹತ್ತು ಪರ್ಸೆಂಟ್ ಏರಿಕೆ ಸಾಕು ಅನ್ನುವುದು ನನ್ನ ಅಭಿಪ್ರಾಯ. 3.73ರಿಂದ 4.10ಕ್ಕೆ ಹೋದರೆ ಅಷ್ಟೇ ಆಗುತ್ತದೆ, ಮತ್ತು ಅದು ಕಾಲಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಜಿಪ್ಸಿ, ಥಾರ್ ಥರದ ಫೋರ್-ವೀಲ್ ಗಾಡಿ ಆದರೆ ಮುಂದಿನ ಆಕ್ಸಲ್‌ಗೂ ಅದೇ ರೇಶಿಯೊ ಹಾಕಲೇಬೇಕು. ಹಿಂದಿನದು ಮಾತ್ರ ಬದಲಿಸಿ ಫೋರ್-ವೀಲ್ ಎಳೆದರೆ ಎರಡೂ ಆಕ್ಸಲ್‌ಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ.

ಈಗ ಕೆಲಸ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ತಯಾರಾಗುತ್ತವೆ, ಒಂದನ್ನು ಮಾತ್ರ ತರಬೇಡಿ. ಜೊತೆಗೆ ಹೊಸ ಬೇರಿಂಗ್, ಆಯಿಲ್ ಸೀಲ್, ಕ್ರಶ್ ಸ್ಲೀವ್ (ನಟ್ ಬಿಗಿದಂತೆ ಅದುಮಿಕೊಳ್ಳುವ ಕೊಳವೆ), ಶಿಮ್ ಸೆಟ್ (ಅಂತರ ಸರಿಪಡಿಸುವ ತೆಳು ಬಿಲ್ಲೆಗಳು) ಇರಲಿ. ಗಾಡಿಯನ್ನು ಜಾಕ್ ಮೇಲೆ ಬಿಡದೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಆಯಿಲ್ ಇಳಿಸಿ, ಆಕ್ಸಲ್ ಶಾಫ್ಟ್‌ಗಳನ್ನು ಎಳೆಯಿರಿ. ಬೇರಿಂಗ್ ಕ್ಯಾಪ್‌ಗಳಿಗೆ ಎಡ-ಬಲ ಗೊತ್ತಾಗುವಂತೆ ಪಂಚ್‌ನಿಂದ ಗುರುತು ಹಾಕಿ ಬಿಚ್ಚಿ, ಅವು ಅದಲು ಬದಲು ಆಗಬಾರದು. ಹಳೆಯ ಶಿಮ್‌ಗಳನ್ನು ಮೈಕ್ರೋಮೀಟರ್‌ನಲ್ಲಿ ಅಳೆದು ಬರೆದಿಟ್ಟುಕೊಳ್ಳಿ.

ಹಳೆಯ ಶಿಮ್ ಎನ್ನುವುದು ಶುರುಮಾಡಲು ಒಂದು ಅಳತೆ, ಅಷ್ಟೇ. ನನ್ನ ಗಾಡಿಗೆ ಮೊದಲ ಸಲ ಕೆಲಸ ಮಾಡಿದ ಕಡೆ ಹಳೆಯ ಶಿಮ್ಮನ್ನೇ ಹಾಕಿ, ಹಲ್ಲಿನ ಗುರುತು ನೋಡದೆ ಮುಚ್ಚಿ ಕೊಟ್ಟಿದ್ದರು. ಡಾಬಸ್‌ಪೇಟೆ ತಲುಪುವಷ್ಟರಲ್ಲಿ 80ರ ವೇಗದಲ್ಲಿ ಗುಂಯ್ ಅಂತ ಒಂದೇ ಸಮನೆ ಸದ್ದು. ಕಾಲು ತೆಗೆದರೆ ನಿಲ್ಲುತ್ತಿತ್ತು, ಒತ್ತಿದರೆ ಮತ್ತೆ ಶುರು. ಎರಡನೇ ಸಲ ಬಿಚ್ಚಿದ ಹಿರಿಯ ಮೆಕ್ಯಾನಿಕ್ ಕ್ರೌನ್ ತಿರುಗಿಸಿ ತೋರಿಸಿ, "ನೋಡಿ ಸಾರ್, ಹಲ್ಲಿನ ಬುಡದಲ್ಲೇ ತಿಂದಿದೆ" ಅಂದರು. ಬೆರಳಿನಲ್ಲಿ ಸವರಿದರೆ ಹಲ್ಲಿನ ಕೆಳಗೆ ಕನ್ನಡಿಯಂಥ ಒಂದು ಪಟ್ಟಿ, ಅದರ ಮೇಲೆಲ್ಲ ಹೊಸ ಕಬ್ಬಿಣದ ಬಣ್ಣ ಹಾಗೇ ಇತ್ತು. ಆ ಜೋಡಿ ಹೋಯಿತು.

ಹಾಗಾಗಿ ಇಲ್ಲಿ ನಿಧಾನ ಮಾಡಿ. ಪಿನಿಯನ್ ಕೂರಿಸಿದ ಮೇಲೆ ಕ್ರೌನನ್ನು ಡಿಫರೆನ್ಷಿಯಲ್ ಕೇಜ್‌ಗೆ ಬಿಗಿದು, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಟೈಟ್ ಮಾಡುತ್ತಾ ಹೋಗಿ. ಡಯಲ್ ಗೇಜ್ ಇಟ್ಟು ಹಲ್ಲುಗಳ ನಡುವಿನ ಆಟ ಅಳೆಯಿರಿ. ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಇರಬೇಕು, ಲೇತ್‌ನವರ ಮಾತಿನಲ್ಲಿ 6ರಿಂದ 10 ತೌ (ಇಂಚಿನ ಸಾವಿರದ ಒಂದು ಭಾಗ). ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಬೇರೆ ಇದ್ದರೆ ಅದೇ ಸರಿ. ನಾಲ್ಕು ಕಡೆ ಅಳೆಯಿರಿ. ಆಟ ಸರಿಹೋಗದಿದ್ದರೆ ಒಂದು ಬದಿಯ ಶಿಮ್ ತೆಗೆದು ಇನ್ನೊಂದು ಬದಿಗೆ ಹಾಕಿ.

ಆಮೇಲೆ ನಾಲ್ಕೈದು ಹಲ್ಲುಗಳಿಗೆ ಮಾರ್ಕಿಂಗ್ ಪೇಸ್ಟ್ ತೆಳ್ಳಗೆ ಬಳಿದು, ಕ್ರೌನಿಗೆ ಸ್ವಲ್ಪ ತಡೆ ಕೊಟ್ಟು ಎರಡೂ ಕಡೆ ತಿರುಗಿಸಿ. ಪೇಸ್ಟ್ ಅಳಿಸಿದ ಜಾಗ ಹಲ್ಲಿನ ಬುಡಕ್ಕೂ ತುದಿಗೂ ನಡುವೆ ಇರಬೇಕು. ಬುಡಕ್ಕೆ ಇಳಿದಿದ್ದರೆ ಪಿನಿಯನ್ ತೀರಾ ಒಳಗೆ ಬಂದಿದೆ. ಶಿಮ್ ಪಿನಿಯನ್ ತಲೆಯ ಹಿಂದೆ ಕೂರುವ ಗಾಡಿಯಲ್ಲಿ ತೆಳು ಶಿಮ್ ಹಾಕಿ. ತುದಿಗೆ ಹತ್ತಿದ್ದರೆ ದಪ್ಪ ಶಿಮ್. ಮತ್ತೆ ಬಿಚ್ಚಿ, ಮತ್ತೆ ಜೋಡಿಸಿ, ಮತ್ತೆ ಪೇಸ್ಟ್. ಮೂರ್ನಾಲ್ಕು ಸಲ ಆಗುವುದು ಮಾಮೂಲಿ. ಬೇಜಾರಾಗಿ ಇಷ್ಟು ಸಾಕು ಬಿಡಿ ಅನ್ನುವ ಕಡೆ ಗಾಡಿ ಕೊಡಬೇಡಿ.

ಗುರುತು ಸರಿ ಬಂದ ಮೇಲೆ ಹೊಸ ಕ್ರಶ್ ಸ್ಲೀವ್ ಹಾಕಿ ಪಿನಿಯನ್ ನಟ್ ಬಿಗಿಯಿರಿ. ಆಗಾಗ ನಿಲ್ಲಿಸಿ ಪ್ರೀಲೋಡ್, ಅಂದರೆ ಬೇರಿಂಗ್ ಮೇಲಿನ ಬಿಗಿತ, ನೋಡಿ. ಜಾಸ್ತಿ ಬಿಗಿದರೆ ನಟ್ ಸಡಿಲ ಮಾಡಿ ಸರಿಪಡಿಸಲು ಆಗುವುದಿಲ್ಲ, ಇನ್ನೊಂದು ಸ್ಲೀವ್ ತರಬೇಕು. ಮುಚ್ಚಿದ ಮೇಲೆ ಮ್ಯಾನ್ಯುಯಲ್ ಹೇಳಿದ ಗ್ರೇಡ್‌ನ ಜಿಎಲ್-5 ಗೇರ್ ಆಯಿಲ್ ಹಾಕಿ.

ಹೊಸ ಹಲ್ಲುಗಳಿಗೆ ಮೊದಲ ಓಟದಲ್ಲಿ ಬಿಸಿಯೇ ಶತ್ರು. ಗುಬ್ಬಿಯವರೆಗೆ 20 ಕಿ.ಮೀ. ಮೆಲ್ಲಗೆ ಹೋಗಿ, ಅರ್ಧ ಗಂಟೆ ನಿಲ್ಲಿಸಿ ಕಾಫಿ ಕುಡಿದು ಹೌಸಿಂಗ್ ಆರಿದ ಮೇಲೆ ವಾಪಸ್ ಬನ್ನಿ. ಇದನ್ನೇ ಎರಡು ಮೂರು ಸಲ ಮಾಡಿ. ಮೊದಲ 800 ಕಿ.ಮೀ. ದೇವರಾಯನದುರ್ಗ ಬೇಡ, ಜೋರಾಗಿ ಎಳೆಯುವುದೂ ಬೇಡ. 800 ಆದ ಮೇಲೆ ಆಯಿಲ್ ಬದಲಿಸಿ, ಸಣ್ಣ ಕಬ್ಬಿಣದ ಪುಡಿ ಅದರ ಜೊತೆಗೇ ಹೋಗುತ್ತದೆ.

ಮೀಟರ್ ಕೇಬಲ್ ಗೇರ್‌ಬಾಕ್ಸ್‌ನಿಂದ ಬರುವ ಗಾಡಿಯಲ್ಲಿ ಸ್ಪೀಡೋಮೀಟರ್ ಹತ್ತು ಪರ್ಸೆಂಟ್ ಜಾಸ್ತಿ ತೋರಿಸುತ್ತದೆ, ಓಡಿದ ಕಿಲೋಮೀಟರ್ ಕೂಡ ಅಷ್ಟೇ ಜಾಸ್ತಿ. ಮೀಟರ್ ಗೇರ್ ಬದಲಿಸುವ ತನಕ ಆ 800ನ್ನು ಮೀಟರಿನ 880ಕ್ಕೆ ಎಣಿಸಿ.